ಛಾವಣಿ ದಾಟಿದ ಮೆಟ್ಟಿಲು

"ಇಪ್ಪತ್ತೇಳು."

ಪಕ್ಕದಲ್ಲಿದ್ದ ಗೆಳತಿ ಮೇಜಿನ ಕೆಳಗಿಂದ ಕೈ ಹಾಕಿ ಹುಡುಗಿಯ ತೊಡೆ ಚಿವುಟಿದಳು.

"ಇಪ್ಪತ್ತೇಳು," ಡ್ರಾಯಿಂಗ್ ಮೇಷ್ಟ್ರು ಎರಡನೇ ಸಲ ಕೂಗಿದರು. ಮೂರನೇ ಸಲ ಕೂಗುವ ಅಭ್ಯಾಸ ಅವರಿಗಿರಲಿಲ್ಲ. ಹುಡುಗಿ ಡ್ರಾಯಿಂಗ್ ಬೋರ್ಡಿನಿಂದ ಕೆನ್ನೆ ಎತ್ತಿ, "ಇದೀನಿ ಸಾರ್" ಅನ್ನುವಷ್ಟರಲ್ಲಿ ಅವರ ಪೆನ್ನು ರಿಜಿಸ್ಟರಿನಲ್ಲಿ ಗೈರು ಹಾಕಿ ಇಪ್ಪತ್ತೆಂಟಕ್ಕೆ ಹೋಗಿಯಾಗಿತ್ತು. ಅವಳ ಕೆನ್ನೆಯ ಮೇಲೆ ಸೆಟ್‌ಸ್ಕ್ವೇರಿನ ಮೂಲೆ ಅಚ್ಚೊತ್ತಿದಂತೆ ಮೂಡಿತ್ತು. "ನಲವತ್ತೈದು ಡಿಗ್ರಿ, ಸರಿಯಾಗಿದೆ," ಅಂದ ಹಿಂದಿನ ಸಾಲಿನವನೊಬ್ಬ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಬೇರೆಯವರೆಲ್ಲ ಪಾಠಕ್ಕೆ ಮೊದಲು ಹಾಜರಿ ಕೂಗಿದರೆ ಈ ಮೇಷ್ಟ್ರು ಕೂಗುತ್ತಿದ್ದದ್ದು ಕೊನೆಯಲ್ಲಿ. "ಮೊದಲೇ ಕೂಗಿದ್ರೆ ದೇಹ ಬಂದಿದೆ ಅಂತ ಗೊತ್ತಾಗುತ್ತೆ. ಕೊನೇಲಿ ಕೂಗಿದ್ರೆ ತಲೆ ಬಂದಿತ್ತಾ ಅಂತ ಗೊತ್ತಾಗುತ್ತೆ" ಎನ್ನುವುದು ಅವರ ವಾದ. ವಾದವೇನೋ ಸೊಗಸಾಗಿತ್ತು, ಹುಡುಗಿಯ ಗ್ರಹಚಾರ ನೆಟ್ಟಗಿರಲಿಲ್ಲ. ಕಟ್ಟಡದ ನಕ್ಷೆ ಬರೆಯುವ ಆ ಎರಡು ವರ್ಷದ ತರಬೇತಿಯಲ್ಲಿ, ಜ್ವರ ಬಂದ ನಾಲ್ಕು ದಿನ ಬಿಟ್ಟರೆ ಅವಳು ಒಂದು ದಿನವೂ ತಪ್ಪಿಸಿಕೊಂಡವಳಲ್ಲ. ಆದರೆ ಡ್ರಾಯಿಂಗ್ ರಿಜಿಸ್ಟರನ್ನು ನಂಬುವುದಾದರೆ ಅವಳು ಅರ್ಧಕ್ಕರ್ಧ ದಿನ ಬಂದೇ ಇರಲಿಲ್ಲ. ಅಂದು ಸಂಜೆ ನೋಟೀಸ್ ಬೋರ್ಡಿನಲ್ಲಿ ಪಟ್ಟಿ ಬಿತ್ತು. ಎಪ್ಪತ್ತೈದು ಪರ್ಸೆಂಟ್ ಹಾಜರಿ ಇಲ್ಲದವರಿಗೆ ಕೊನೆಯ ಪರೀಕ್ಷೆ ಇಲ್ಲ. ಸೋಮವಾರ ತಂದೆ ಅಥವಾ ತಾಯಿಯನ್ನು ಕರೆದುಕೊಂಡು ಬರಬೇಕು. ಪಟ್ಟಿಯಲ್ಲಿದ್ದದ್ದು ಮೂರೇ ನಂಬರು, ಮೊದಲನೆಯದೇ ಇಪ್ಪತ್ತೇಳು.

ಕ್ಲಾಸಿನಲ್ಲಿ ಅವಳ ಹೆಸರು "ತೊಟ್ಟಿಲು". ಕೂತಲ್ಲೇ ತೂಗುತ್ತಿದ್ದಳಲ್ಲ, ಅದಕ್ಕೆ. ಅವಳು ಮಾಡದ ಉಪಾಯ ಉಳಿದಿರಲಿಲ್ಲ. ತಣ್ಣೀರು ಎರಚಿಕೊಂಡಳು, ಕಾಫಿ ಕುಡಿದು ಕುಡಿದು ಹೊಟ್ಟೆ ಉರಿ ಮಾಡಿಕೊಂಡಳು, ನಿಂತುಕೊಂಡೇ ಬರೆದಳು. ನಿಂತುಕೊಂಡೇ ನಿದ್ದೆ ಬಂತು. ರಾತ್ರಿ ಒಂಬತ್ತಕ್ಕೆಲ್ಲ ಮಲಗುತ್ತಿದ್ದಳು. ಬೆಳಗ್ಗೆ ಎದ್ದಾಗ ಯಾರೋ ಇಡೀ ರಾತ್ರಿ ಕಲ್ಲು ಹೊರಿಸಿದಂತೆ ಮೈ ಭಾರ. ಹಗಲಿನ ನಿದ್ದೆ ಹೇಳಿ ಕೇಳಿ ಬರುತ್ತಿರಲಿಲ್ಲ. ಕಣ್ಣು ಇನ್ನೂ ತೆರೆದಿರುವಾಗಲೇ ಕನಸು ಒಳಗೆ ಬಂದು ಕೂರುತ್ತಿತ್ತು. ಮೇಷ್ಟ್ರು ತೊಲೆಯ ವಿಷಯ ಹೇಳುತ್ತಿದ್ದರೆ ಅವರ ಹೆಗಲ ಮೇಲೊಂದು ಬೆಕ್ಕು ನಡೆದುಹೋಗುತ್ತಿತ್ತು.

ಸಲಹೆಗಳಿಗೇನೂ ಬರವಿರಲಿಲ್ಲ. ಫೋನು ಜಾಸ್ತಿಯಾಯಿತು ಅಂದರು ಕೆಲವರು, ಯಾವನನ್ನೋ ಹಚ್ಚಿಕೊಂಡಿದಾಳೆ ಅಂದರು ಇನ್ನು ಕೆಲವರು. ಅಮ್ಮನ ಪ್ರಕಾರ ರಕ್ತ ಕಡಿಮೆ. ಬೀದಿ ಕೊನೆಯ ಡಾಕ್ಟರು ಕೆಂಪು ಮಾತ್ರೆ ಕೊಟ್ಟು, ಮುಂದಿನ ತಿಂಗಳು ಅದನ್ನೇ ಹಳದಿಯಲ್ಲಿ ಕೊಟ್ಟರು. "ಚಿಂತೆ ಇಲ್ಲದವರಿಗೆ ಸಂತೇಲೂ ನಿದ್ದೆ," ಅಂತ ಮೇಷ್ಟ್ರು ಗಾದೆ ಹೇಳಿದ್ದರು. ಪಾಪ, ಚಿಂತೆಯಿಂದ ನಿದ್ದೆ ಓಡಿಹೋಗುವುದಾಗಿದ್ದರೆ ಅವಳು ಈ ಎರಡು ವರ್ಷ ರೆಪ್ಪೆ ಮುಚ್ಚುವಂತೆಯೇ ಇರಲಿಲ್ಲ.

ಅಪ್ಪ ಬಸ್ಸಿನ ಡ್ರೈವರು. ಪಟ್ಟಿಯ ವಿಷಯ ಕೇಳಿ ಊಟದ ತಟ್ಟೆಯನ್ನು ಅತ್ತ ಸರಿಸಿದ.

"ಹದಿನೆಂಟು ವರ್ಷ ರಾತ್ರಿ ಗಾಡಿ ಓಡಿಸಿದೀನಿ. ಒಂದು ದಿನ ಕಣ್ಣು ಮುಚ್ಚಿದೀನಾ? ನಿದ್ದೆ ಅನ್ನೋದು ಬೀದಿನಾಯಿ ಇದ್ದ ಹಾಗೆ. ಹೆದರಿದ್ರೆ ಅಟ್ಟಿಸಿಕೊಂಡು ಬರುತ್ತೆ. ಗದರಿಸಿದ್ರೆ ಬಾಲ ಮುದುರಿಕೊಂಡು ಹೋಗುತ್ತೆ."

"ಗದರಿಸ್ತಾನೇ ಇದೀನಿ ಅಪ್ಪ."

"ಸಾಕು. ಸೋಮವಾರ ಬರ್ತೀನಿ, ಕೈಮುಗಿದು ಕೇಳ್ತೀನಿ. ಆಗಲ್ಲ ಅಂದ್ರೆ ಚಿಕ್ಕಪ್ಪನ ಜೆರಾಕ್ಸ್ ಅಂಗಡೀಲಿ ಕೂತ್ಕೋ. ಅಲ್ಲಿ ಮಿಷನ್ನೇ ಕೆಲಸ ಮಾಡುತ್ತೆ, ನೀನು ನಿದ್ದೆ ಮಾಡಿದ್ರೂ ನಡೆಯುತ್ತೆ."

"ಊಟದ ಹೊತ್ತಲ್ಲಿ ಯಾಕ್ರೀ," ಅಂದಳು ಅಮ್ಮ. ಅವರದು ಬಚ್ಚಲ ಬಾಗಿಲು ತೆರೆಯಬೇಕಾದರೆ ಅಡಿಗೆಮನೆ ಬಾಗಿಲು ಮುಚ್ಚಬೇಕಾದ ಮನೆ. ಹತ್ತು ವರ್ಷದವಳಿದ್ದಾಗಲೇ ಅವಳು, ಈ ಗೋಡೆಯನ್ನು ಎರಡಡಿ ಅತ್ತ ಇಟ್ಟಿದ್ದರೆ ಇಬ್ಬರೂ ಒಂದೇ ಸಲ ಓಡಾಡಬಹುದಿತ್ತಲ್ಲ ಎಂದು ಅಂಗಡಿ ಚೀಟಿಯ ಹಿಂದೆ ಬರೆದು ತೋರಿಸಿದ್ದಳು. ಅವಳಿಗೆ ಬೇರೇನೂ ಬೇಕಿರಲಿಲ್ಲ, ಮನೆಗಳ ನಕ್ಷೆ ಬರೆಯಬೇಕಿತ್ತು. ಪರೀಕ್ಷೆ ತಪ್ಪಿದರೆ ಸರ್ಟಿಫಿಕೇಟಿನ ಕಾಗದ ಅವಳ ಕೈಗೆ ಬರುವುದಿಲ್ಲ, ಕಾಗದ ಇಲ್ಲದೆ ಯಾವ ಆಫೀಸಿನವರೂ ಒಳಗೆ ಬಿಡುವುದಿಲ್ಲ.

ಸೋಮವಾರ ಅಪ್ಪ ಖಾಕಿ ಬಟ್ಟೆಯಲ್ಲೇ ಬಂದ. ಮೇಷ್ಟ್ರ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೇಷ್ಟ್ರು ಮಾತಿಗಿಂತ ಸಾಕ್ಷಿಯನ್ನು ನಂಬುವ ಮನುಷ್ಯ. ಕಪಾಟಿನಿಂದ ಅವಳ ಡ್ರಾಯಿಂಗ್ ಶೀಟುಗಳ ಸುರುಳಿ ತೆಗೆದು ಮೇಜಿನ ತುಂಬ ಹಾಸಿದರು.

"ನೀವೇ ನೋಡಿ. ಕಿಟಕಿ ಅಂತ ಒಂದು ಸಲ ಬರೆದ್ರೆ ಸಾಕು. ನಿಮ್ಮ ಮಗಳು ಒಂಬತ್ತು ಸಲ ಬರೆದಿದಾಳೆ. ಇನ್ನು ಇದು." ಅವರು ಮೇಲಿನ ಶೀಟಿಗೆ ಬೆರಳು ತಟ್ಟಿದರು. "ಒಂದಂತಸ್ತಿನ ಮನೆ. ತಾರಸಿಗೆ ಹೋಗೋಕೆ ಇಪ್ಪತ್ತು ಮೆಟ್ಟಿಲು ಬೇಕು. ಎಣಿಸಿ, ನಲವತ್ತೇಳಿದೆ."

ಅಪ್ಪ ಬಗ್ಗಿ ನೋಡಿದ. ಮೆಟ್ಟಿಲು ನೆಲದಿಂದ ಹೊರಟು ಛಾವಣಿ ಸೀಳಿಕೊಂಡು, ನೀರಿನ ಟ್ಯಾಂಕನ್ನೂ ದಾಟಿ, ಖಾಲಿ ಜಾಗದಲ್ಲಿ ಮೇಲಮೇಲಕ್ಕೆ ಹೋಗಿ ಶೀಟಿನ ಅಂಚಿಗೆ ಮುಟ್ಟಿತ್ತು. ಹುಡುಗಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅಪ್ಪನ ಬಾಯಿಂದ ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. ಅವನು ತನ್ನ ದಪ್ಪ ಬೆರಳನ್ನು ಒಂದೊಂದೇ ಮೆಟ್ಟಿಲ ಮೇಲೆ ಇಡುತ್ತ ಹೋದ.

"ಇದನ್ನ ಬರೆದಿದ್ದು ನೆನಪಿದೆಯಾ ಪುಟ್ಟಿ?"

"ಹನ್ನೆರಡನೇ ಮೆಟ್ಟಿಲ ತನಕ ನೆನಪಿದೆ. ಆಮೇಲೆ ನೆನಪಿರೋದು ಪಕ್ಕದವಳು ಚಿವುಟಿದ್ದು."

"ನಡುವೆ?"

"ನಡುವೆ ಏನೂ ಇಲ್ಲ ಅಪ್ಪ."

ಅವನು ನಿಧಾನವಾಗಿ ಕುರ್ಚಿಯಲ್ಲಿ ಕೂತ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಮೇಷ್ಟ್ರೇ, ಒಂದು ಮಾತು ಹೇಳ್ತೀನಿ. ನಿಮ್ಮಲ್ಲೇ ಇರಲಿ. ಆರು ವರ್ಷದ ಹಿಂದೆ ಒಂದು ರಾತ್ರಿ. ಸೇತುವೆ ದಾಟಿದ್ದು ನೆನಪಿದೆ. ಆಮೇಲೆ ನೆನಪಿರೋದು ಟೋಲ್ ಗೇಟು. ನಡುವೆ ಹನ್ನೊಂದು ಕಿಲೋಮೀಟರ್, ಎರಡು ತಿರುವು. ಹಿಂದೆ ನಲವತ್ತು ಜನ ಮಲಗಿದ್ರು. ಗಾಡಿ ಸರಿಯಾಗೇ ಹೋಗಿದೆ, ಗೇರ್ ಬದಲಾಯಿಸಿದೀನಿ, ಎಲ್ಲಾ ಆಗಿದೆ. ಓಡಿಸಿದ್ದು ಯಾರು ಅಂತ ಇವತ್ತಿಗೂ ನಂಗೊತ್ತಿಲ್ಲ. ಮಾರನೇ ದಿನವೇ ಹಗಲು ಪಾಳಿ ಬರೆಸಿಕೊಂಡೆ. ಮನೇಲಿ ಸೊಂಟನೋವು ಅಂದೆ."

ಆ ಸೊಂಟಕ್ಕೆ ಅಮ್ಮ ಆರು ವರ್ಷದಿಂದ ಮುಲಾಮು ತಿಕ್ಕುತ್ತಿದ್ದಳು. ಹುಡುಗಿ ಅಪ್ಪನ ಮುಖ ನೋಡಿದಳು. ಅವನು ಶೀಟನ್ನೇ ನೋಡುತ್ತಿದ್ದ.

"ನಂಗೆ ಆಗಿದ್ದು ಒಂದು ಸಲ. ಅದೂ ಎರಡು ದಿನ ನಿದ್ದೆ ಕೆಟ್ಟು," ಅಂದ. "ಇವಳು ರಾತ್ರಿಯೆಲ್ಲ ಮಲಗಿ ಬಂದೂ ದಿನಾ ಹೀಗೇ ಅಂದ್ರೆ... ಇದು ಸೊಕ್ಕಲ್ಲ ಮೇಷ್ಟ್ರೇ. ನಾನು ಸೊಕ್ಕು ಅಂದ್ಕೊಂಡಿದ್ದೆ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಸ್ಕೇಲು ತೆಗೆದು, ಹನ್ನೆರಡನೇ ಮೆಟ್ಟಿಲಿನಿಂದ ಅಳೆಯತೊಡಗಿದರು. ಹದಿಮೂರು, ಹದಿನಾಲ್ಕು, ಹದಿನೈದು.

"ಮೂವತ್ತರ ತನಕ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ," ಅಂದರು ಕೊನೆಗೆ, ಯಾರಿಗೆ ಎಂದಿಲ್ಲದೆ. "ಆಮೇಲೆ ಗೆರೆ ಓಲಾಡಿದೆ. ಆದ್ರೆ ಕೈ ನಿಂತಿಲ್ಲ." ಸ್ಕೇಲನ್ನು ಕೆಳಗಿಟ್ಟರು. "ಮೂವತ್ತು ವರ್ಷದಲ್ಲಿ ಸೋಮಾರಿಗಳನ್ನ ದಂಡಿಯಾಗಿ ನೋಡಿದೀನಿ. ಸೋಮಾರಿ ಮೊದಲು ಪೆನ್ಸಿಲ್ ಕೆಳಗಿಡ್ತಾನೆ. ಇದನ್ನ ನಾನು ಆವತ್ತೇ ನೋಡಬೇಕಿತ್ತು. ಎಣಿಸಿದೆ, ನೋಡಲಿಲ್ಲ."

ರಿಜಿಸ್ಟರ್ ತಿದ್ದುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಆದರೆ ಸರಿಯಾದ ಡಾಕ್ಟರಿಂದ ಚೀಟಿ ತಂದರೆ ಪ್ರಿನ್ಸಿಪಾಲರ ಹತ್ತಿರ ತಾವೇ ಹೋಗುವುದಾಗಿಯೂ ಹೇಳಿದರು. "ಕೆಂಪು ಮಾತ್ರೆ ಕೊಡೋ ಡಾಕ್ಟರಲ್ಲ. ನರಗಳ ಡಾಕ್ಟರು. ಈ ಶೀಟೂ ತಗೊಂಡು ಹೋಗಿ."

ದೊಡ್ಡಾಸ್ಪತ್ರೆಯ ನರಗಳ ಡಾಕ್ಟರು ಹೆಂಗಸು, ವಯಸ್ಸು ಚಿಕ್ಕದು. ಶೀಟನ್ನು ಹಾಸಿಗೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಪ್ರಶ್ನೆಗಳಿಗೆಲ್ಲ ಅಪ್ಪನೇ ಮುಂದಾಗಿ ಉತ್ತರ ಕೊಡುತ್ತಿದ್ದ.

"ನಿದ್ದೆ ಬರೋದು ನಿಮಗೋ ಅವಳಿಗೋ?" ಅಂದರು ಡಾಕ್ಟರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಒಂದು ವಿಚಿತ್ರ ಪ್ರಶ್ನೆ ಕೇಳ್ತೀನಮ್ಮ. ಜೋರಾಗಿ ನಗು ಬಂದಾಗ ಮಂಡಿ ಕುಸಿದ ಹಾಗೆ, ಕತ್ತು ಸೋತ ಹಾಗೆ ಆಗುತ್ತಾ?"

ಹುಡುಗಿಯ ಕಣ್ಣಲ್ಲಿ ನೀರು ಬಂತು. ಇದನ್ನು ಅವಳು ಯಾರಿಗೂ, ಅಮ್ಮನಿಗೂ, ಚಿವುಟುವ ಗೆಳತಿಗೂ ಹೇಳಿರಲಿಲ್ಲ. ಹೋದ ವರ್ಷ ಅತ್ತೆಯ ಮಗಳು ಏನೋ ತಮಾಷೆ ಮಾಡಿದಾಗ ನಕ್ಕು ನಕ್ಕು ನೆಲಕ್ಕೆ ಕುಸಿದಿದ್ದಳು. ಎಲ್ಲರೂ ನಾಟಕ ಅಂದುಕೊಂಡಿದ್ದರು. ಅಂದಿನಿಂದ ನಾಲ್ಕು ಜನ ಹರಟುತ್ತಿದ್ದಲ್ಲಿ ಅವಳು ನಿಲ್ಲುತ್ತಿರಲಿಲ್ಲ, ನಗು ಬಂದರೆ ತುಟಿ ಕಚ್ಚುತ್ತಿದ್ದಳು. ಜಂಬದವಳು ಎಂಬ ಹೆಸರು ಬಂದಿತ್ತು. ಬರಲಿ, ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎಂದುಕೊಂಡಿದ್ದಳು. ಈಗ ನೋಡಿದರೆ, ಎಲ್ಲಿಯವರೋ ಈ ಹೆಂಗಸು ಅದನ್ನೇ ಕೇಳುತ್ತಿದ್ದಾರೆ. ಅಂದರೆ ಇದು ತನ್ನೊಬ್ಬಳಿಗೇ ಅಲ್ಲ. ಎಷ್ಟೋ ಜನ ಹೀಗೆ ಕುಸಿದು, ಯಾರೋ ಅದನ್ನು ಬರೆದಿಟ್ಟು, ಇವರು ಅದನ್ನು ಓದಿದ್ದಾರೆ.

"ಆಗುತ್ತೆ ಮೇಡಂ," ಅಂದಳು. ಹೇಳುತ್ತಿದ್ದಂತೆ ಎದೆಯ ಮೇಲಿಂದ ಏನೋ ಇಳಿದುಹೋಯಿತು. ಖುಷಿಯಾಯಿತು ಎಂದೇ ಹೇಳಬೇಕು.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ನಾರ್ಕೊಲೆಪ್ಸಿ, ನಿದ್ದೆ ಎಚ್ಚರಗಳ ಮೇಲೆ ಮಿದುಳಿನ ಹಿಡಿತ ತಪ್ಪುವುದು. ಇರಬಹುದು ಅಷ್ಟೇ, ಒಂದು ರಾತ್ರಿ ಒಂದು ಹಗಲು ಇಲ್ಲೇ ಮಲಗಿಸಿ ಪರೀಕ್ಷೆ ಮಾಡಿದ ಮೇಲೆ ಖಚಿತ. ಅದರ ಸರದಿ ಬರುವುದಕ್ಕೆ ಎರಡು ತಿಂಗಳು.

"ಗುಣ ಆಗುತ್ತಾ?" ಅಪ್ಪ ಕೇಳಿದ.

"ಬೇರು ಸಮೇತ ಕೀಳೋಕೆ ಆಗಲ್ಲ. ಹಿಡಿತದಲ್ಲಿ ಇಟ್ಕೊಂಡು ಎಲ್ಲರ ಹಾಗೆ ಕೆಲಸ ಮಾಡಬಹುದು. ಔಷಧಿ ಪರೀಕ್ಷೆ ಆದ ಮೇಲೆ ಕೊಡ್ತೀನಿ. ಅಲ್ಲಿ ತನಕ ನಿದ್ದೆ ಜೊತೆ ಗುದ್ದಾಡಬೇಡಮ್ಮ. ಅದು ಬಂದು ಎಳೆಯೋ ಮುಂಚೆ ನೀನೇ ಹದಿನೈದು ನಿಮಿಷ ಕೊಟ್ಟುಬಿಡು."

ಹೊರಗೆ ಬಂದ ಮೇಲೆ ಅಪ್ಪ ಮೆಟ್ಟಿಲ ಹತ್ತಿರ ಅವಳ ತೋಳು ಹಿಡಿದುಕೊಂಡ, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

"ಸೊಂಟದ ವಿಷಯ ಮನೇಲಿ ಎತ್ತಬೇಡ."

"ಎತ್ತಲ್ಲ."

"ನಾನೇ ಹೇಳ್ತೀನಿ. ಮುಲಾಮು ಇನ್ನೂ ಅರ್ಧ ಇದೆ, ಅದು ಮುಗೀಲಿ."

ಅವಳಿಗೆ ನಗು ಬಂತು. ತುಟಿ ಕಚ್ಚಲಿಲ್ಲ. ಮಂಡಿ ಸಡಿಲಾಯಿತು, ಕತ್ತು ವಾಲಿತು, ಅಪ್ಪ ಗಟ್ಟಿಯಾಗಿ ಹಿಡಿದುಕೊಂಡು ಅದು ಹೋಗುವವರೆಗೆ ನಿಂತ.

ಪ್ರಿನ್ಸಿಪಾಲರು ಡಾಕ್ಟರ ಕಾಗದವನ್ನು ಎರಡು ಸಲ ಓದಿ, ಮೇಷ್ಟ್ರ ವಾದವನ್ನು ಅರ್ಧ ಗಂಟೆ ಕೇಳಿ, ಒಂದು ಷರತ್ತಿನ ಮೇಲೆ ಅವಳನ್ನು ಪರೀಕ್ಷೆಗೆ ಕೂರಿಸಲು ಒಪ್ಪಿದರು. ಪರೀಕ್ಷೆಯ ನಾಲ್ಕು ಗಂಟೆಯೊಳಗೆ ಒಂದು ಸಲ, ಹದಿನೈದು ನಿಮಿಷ, ಪರೀಕ್ಷೆಯ ಕೊಠಡಿಯಲ್ಲೇ ಎಲ್ಲರೆದುರು ಮಲಗಬಹುದು. ಮಲಗಿದ ಹೊತ್ತನ್ನು ಆಮೇಲೆ ಕೂಡಿಸಿ ಕೊಡುವುದಿಲ್ಲ. ಬೇರೆಯವರಿಗೆ ಅನ್ಯಾಯವಾಗಬಾರದಲ್ಲ.

ಪರೀಕ್ಷೆಯ ದಿನ ಪ್ರಶ್ನೆ ಎರಡು ಕೋಣೆಯ ಆರೋಗ್ಯ ಕೇಂದ್ರ. ಮೊದಲ ಎರಡು ಗಂಟೆ ಕೈ ಓಡಿತು. ಗೋಡೆಗಳು ಎದ್ದವು, ಬಾಗಿಲುಗಳು ಒಂದಕ್ಕೊಂದು ತಾಗದಂತೆ ತೆರೆದುಕೊಂಡವು. ತೊಲೆಯ ಗೆರೆ ಅರ್ಧಕ್ಕೆ ಬಂದಾಗ ಅದು ಎರಡೆರಡಾಗಿ ಕಾಣತೊಡಗಿತು. ಬಂತು ಅಂದುಕೊಂಡಳು. ಇನ್ನೊಂದು ಹತ್ತು ನಿಮಿಷ ತಳ್ಳಿದರೆ ತೊಲೆ ಮುಗಿಯುತ್ತದೆ ಎಂದು ಒಳಗೊಂದು ದನಿ ಆಸೆ ಹುಟ್ಟಿಸಿತು. ಮಲಗಿ ಏಳಲಾಗದಿದ್ದರೆ ಎಂದು ಇನ್ನೊಂದು ದನಿ ಹೆದರಿಸಿತು. ಸುತ್ತ ನಲವತ್ತು ತಲೆಗಳು ಬಗ್ಗಿ ಬರೆಯುತ್ತಿದ್ದವು. ಎರಡು ವರ್ಷ ಅವಳು ಕದ್ದು ಮುಚ್ಚಿ ಮಾಡಿದ್ದನ್ನು ಈಗ ಕೈಯೆತ್ತಿ, ಹೇಳಿ ಮಾಡಬೇಕಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಪೆನ್ಸಿಲ್ ಕೆಳಗಿಟ್ಟು ಕೈಯೆತ್ತಿದಳು.

ಮೇಷ್ಟ್ರು ಬಂದರು. ಗಡಿಯಾರ ನೋಡಿ, ಅವಳ ಶೀಟಿನ ಮೂಲೆಯಲ್ಲಿ ಸಮಯ ಬರೆದರು. ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರು ತಿರುಗಿ ನೋಡಿದ್ದೇ ತಡ, ಅದು ನಿಂತಿತು. ಅವರು ಸ್ಟೂಲೊಂದನ್ನು ಸದ್ದಾಗದಂತೆ ಎತ್ತಿ ತಂದು ಅವಳ ಮೇಜಿನ ಪಕ್ಕ ಹಾಕಿಕೊಂಡು ಕೂತರು.

"ಮಲಗಮ್ಮ. ನಾನಿದೀನಿ."

ಅವಳು ತೋಳಿನ ಮೇಲೆ ತಲೆಯಿಟ್ಟಳು. ನಲವತ್ತು ಪೆನ್ಸಿಲ್‌ಗಳು ಕಾಗದ ಗೀರುವ ಸದ್ದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

"ಏಳಮ್ಮ. ಹದಿನೈದು ನಿಮಿಷ ಆಯ್ತು."

ಅವಳು ತಲೆಯೆತ್ತಿದಳು. ಕೊಠಡಿ, ಕಿಟಕಿ, ಗೋಡೆಯ ಗಡಿಯಾರ, ಎಲ್ಲ ಒಂದೊಂದೇ ಆಗಿ ಸ್ಪಷ್ಟವಾಗಿ ಕಂಡವು. ಮೇಷ್ಟ್ರು ಆಗಲೇ ಎದ್ದು ಆಚೆ ಸಾಲಿಗೆ ಹೋಗಿದ್ದರು. ಮೇಜಿನ ಅಂಚಿನಲ್ಲಿ ಅವಳ ಮೂರು ಪೆನ್ಸಿಲ್‌ಗಳು, ಆಗತಾನೇ ಚೂಪು ಮಾಡಿದಂಥವು, ಒಂದರ ಪಕ್ಕ ಒಂದು ನೆಟ್ಟಗೆ ಇದ್ದವು. ಕೆಳಗೆ ಸ್ಟೂಲಿನ ಸುತ್ತ ಮರದ ಸಣ್ಣ ಸಿಪ್ಪೆಗಳು ಬಿದ್ದಿದ್ದವು. ಅವಳು ನಡುವಿನದನ್ನು ಎತ್ತಿಕೊಂಡು, ಸ್ಕೇಲನ್ನು ತೊಲೆಗೆ ಹೊಂದಿಸಿ, ಗೆರೆ ನಿಂತಿದ್ದ ಕಡೆಯಿಂದ ಮುಂದಕ್ಕೆ ಎಳೆದಳು.