ಹೆಡತಲೆಯ ಗುರುತು

ದೋಣಿ ಹೊರಡಲು ಇನ್ನು ಮುಕ್ಕಾಲು ಗಂಟೆಯಿತ್ತು. ಕತ್ತರಿಯಕ್ಕ ಒದ್ದೆ ಮರಳಿನ ಮೇಲೆ ಬೋರಲಾಗಿ ಮಲಗಿ ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಅಪ್ಪನ ಕ್ಷೌರದಂಗಡಿಯನ್ನು ಹದಿನೆಂಟು ವರ್ಷದಿಂದ ನಡೆಸುತ್ತಿದ್ದವಳು ಮೊದಲ ಸಲ ಆರು ದಿನ ಬಾಗಿಲು ಹಾಕಿ, ತಂಗಿಯನ್ನು ಎಳೆದುಕೊಂಡು ಈ ದ್ವೀಪಕ್ಕೆ ಬಂದದ್ದು ಒಂದೇ ಒಂದು ಹಕ್ಕಿಗಾಗಿ. ಮಸಿಗೊರಳು ಅದರ ಹೆಸರು. ವರ್ಷಕ್ಕೊಂದು ವಾರ ಇಲ್ಲಿಳಿದು ಮಾಮೂಲಿ ಮರಳುಹಕ್ಕಿಗಳ ಗುಂಪಿನಲ್ಲಿ ಸೇರಿಕೊಳ್ಳುತ್ತದೆ. ಕೊರಳಿನ ಕಪ್ಪು ಬಿಟ್ಟರೆ ಅವುಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ ಎನ್ನುತ್ತದೆ ಅವಳ ಹಕ್ಕಿಪುಸ್ತಕ. ಐದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಕಂಡಿರಲಿಲ್ಲ.

ಬಂದ ದಿನವೇ ದ್ವೀಪದ ಹಕ್ಕಿಪಾಲಕ ಪಾಠ ಹೇಳಿದ್ದ. "ಹಕ್ಕಿ ಕಡೆ ನೆಟ್ಟಗೆ ನಡೀಬೇಡಿ. ಬೇರೆ ಯಾರನ್ನೋ ಮಾತಾಡಿಸೋಕೆ ಹೊರಟೋರ ಥರ ಓರೆಯಾಗಿ ಹೋಗಿ. ಸೂರ್ಯ ಬೆನ್ನಿಗಿರಲಿ. ನೀರು ಏರೋ ಹೊತ್ತಿಗೆ ಹೋದ್ರೆ ಅಲೆನೇ ಅವನ್ನ ನಿಮ್ಮ ಹತ್ರ ತಳ್ಳುತ್ತೆ. ಮುಖ್ಯವಾಗಿ, ಕಂಡದ್ದನ್ನ ಮೊದಲು ಬರ್ಕೊಳ್ಳಿ, ಆಮೇಲೆ ಪುಸ್ತಕ ತೆಗೀರಿ. ಮೊದಲೇ ತೆಗೆದ್ರೆ ಪುಸ್ತಕದಲ್ಲಿರೋದೇ ಕಣ್ಣಿಗೆ ಬೀಳುತ್ತೆ." ಮೊದಲೇ ಪುಸ್ತಕ ತೆಗೆದವರ ಮಾತನ್ನು ಅವನು ದಾಖಲೆಗೆ ಸೇರಿಸುತ್ತಿರಲಿಲ್ಲ. ಆ ದಾಖಲೆಯಲ್ಲಿ ತನ್ನದೊಂದು ಸಾಲು ಇರಬೇಕೆಂಬುದೇ ಕತ್ತರಿಯಕ್ಕನ ಹಟ.

ನೀರು ಏರಿತು. ಎದುರಿನ ಮರಳುದಿಬ್ಬದ ತುದಿಗೆ ಅರವತ್ತು ಹಕ್ಕಿಗಳು ಒತ್ತೊತ್ತಾಗಿ ಬಂದು ನಿಂತವು. ಎಲ್ಲವೂ ಗಾಳಿಗೆ ಮುಖ ಕೊಟ್ಟು ಇವರಿಗೆ ಬೆನ್ನು ತಿರುಗಿಸಿದ್ದವು.

"ಹಾಳಾದವು," ಎಂದಳು ತಂಗಿ. "ಮುಖಾನೇ ತೋರಿಸಲ್ವಲ್ಲೇ."

"ಬಾಯ್ಮುಚ್ಚು. ಎಡದಿಂದ ಏಳನೇದು. ಅದರ ಹೆಡತಲೆ ಬೇರೆ."

"ಎಲ್ಲಾ ಒಂದೇ ಥರ ಇವೆ!"

"ಹೆಡತಲೆ ನೋಡಿನೇ ಅನ್ನ ತಿಂದವಳು ಕಣೇ ನಾನು."

ಉಳಿದವುಗಳ ಪುಕ್ಕ ನೇರವಾಗಿ ಕೆಳಗಿಳಿದಿತ್ತು. ಇದರದು ಕತ್ತಿನ ಬುಡದಲ್ಲಿ ಎರಡು ಪಾಲಾಗಿ ಆಚೀಚೆ ಬಾಗಿತ್ತು. ಸಂದಿನಲ್ಲಿ ಬೂದಿಬಣ್ಣ.

"ಚಪ್ಪಾಳೆ ತಟ್ಲಾ? ತಿರುಗಿದ್ರೆ ಕೊರಳು ಕಾಣುತ್ತೆ."

"ತಟ್ಟು, ನಿನ್ನ ತಲೆ ನುಣ್ಣಗೆ ಬೋಳಿಸ್ತೀನಿ. ಎಷ್ಟು ದಿನ ಹಾರಿ ಸುಸ್ತಾಗಿ ಬಂದಿದಾವೋ."

"ಪುಸ್ತಕನಾದ್ರೂ ತೆಗೀಲಾ?"

"ಮುಟ್ಟಬೇಡ!"

ಅವಳು ಚೀಟಿಯಲ್ಲಿ ನಾಲ್ಕು ಸಾಲು ಗೀಚಿದಳು. ಹಕ್ಕಿಗಳ ಕಣ್ಣಳತೆ ದಾಟುವವರೆಗೆ ತೆವಳಿದಳು, ಆಮೇಲೆ ಎದ್ದು ಓಡಿದಳು. ಪಾಲಕನ ಕೋಣೆ ಸೇರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

"ಕೊರಳು ನೋಡಿದ್ರಾ?"

"ಇಲ್ಲ."

"ಪುಸ್ತಕ?"

"ತೆಗೆದಿಲ್ಲ. ಇವಳನ್ನ ಕೇಳಿ."

"ತೆಗೆಯೋಕೆ ಬಿಟ್ರೆ ತಾನೇ!" ಎಂದಳು ತಂಗಿ ಏದುಸಿರಲ್ಲಿ.

ಪಾಲಕ ಚೀಟಿಯನ್ನು ಎರಡು ಸಲ ಓದಿದ. ಓದುತ್ತಲೇ ಎದ್ದು ನಿಂತ. "ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ ಕಣ್ರೀ. ಎಲ್ಲದರಲ್ಲೂ ಪಕ್ಕದಿಂದ ಬಿಡಿಸಿದ ಚಿತ್ರ. ಕಾಲಿಗೆ ಗುರುತಿನ ಉಂಗುರ ಹಾಕೋಕೆ ಎರಡು ಸಲ ಮಸಿಗೊರಳನ್ನ ಕೈಯಲ್ಲಿ ಹಿಡಿದಿದ್ದೆ. ಆಗ ಕಂಡಿತ್ತು ಈ ಬೈತಲೆ, ಈ ಬೂದಿ." ದಾಖಲೆಯನ್ನು ಅವಳ ಮುಂದೆ ತಳ್ಳಿದ. "ಬರೀರಿ, ಬೇಗ! ನಿಮ್ಮ ಕೈಯಲ್ಲೇ."

ಅವಸರಕ್ಕೆ ಅವಳ ಅಕ್ಷರ ಸೊಟ್ಟಸೊಟ್ಟಗಾದವು. ಮುಗಿಸಿ ತಲೆಯೆತ್ತಿದರೆ ಪಾಲಕ ದೊಡ್ಡ ದುರ್ಬೀನನ್ನು ಹೆಗಲಿಗೇರಿಸಿ ಬರಿಗಾಲಲ್ಲೇ ಮರಳಿಗಿಳಿದಾಗಿತ್ತು.

ದಿಬ್ಬದ ಹತ್ತಿರ ಅವನು ದೊಡ್ಡ ದುರ್ಬೀನನ್ನು ನಿಲ್ಲಿಸಿ ಒಂದು ಕ್ಷಣ ನೋಡಿ, ಪಕ್ಕಕ್ಕೆ ಸರಿದ. ಕತ್ತರಿಯಕ್ಕ ಕಣ್ಣಿಟ್ಟಳು. ಏಳನೆಯ ಹಕ್ಕಿ ರೆಕ್ಕೆ ಕೊಡವಿ, ಬೆನ್ನು ಕೆರೆದುಕೊಳ್ಳಲು ಕತ್ತು ತಿರುಗಿಸಿತು. ಗಲ್ಲದಿಂದ ಎದೆಯವರೆಗೂ ಕಡುಗಪ್ಪು.

ದೋಣಿ ಕೂಗು ಹಾಕಿತು.

"ನಿಲ್ಸಯ್ಯಾ!" ಎಂದು ಪಾಲಕ ದೋಣಿಯತ್ತ ಎರಡೂ ಕೈ ಬೀಸಿದ.

"ಕಂಡ್ತೇನೇ? ಕೊಡೇ ಇಲ್ಲಿ," ಎಂದು ತಂಗಿ ಅವಳ ಭುಜ ಹಿಡಿದು ಅಲ್ಲಾಡಿಸಿದಳು. "ನಂಗೂ ಕೊಡೇ, ಒಂದೇ ಒಂದು ಸಲ!"