ತೆಳು ಬಣ್ಣದ ಹಕ್ಕಿ

ಹೊಸ ಕಾಗದ ಮುಂದಿಟ್ಟರೆ ನನಗೆ ಕೈಯೇ ಓಡುವುದಿಲ್ಲ. ಒಮ್ಮೆ ಅಚ್ಚಾಗಿ ರದ್ದಿಗೆ ಬಿದ್ದ ಹಾಳೆಯೇ ಬೇಕು. ರಟ್ಟಿನಲ್ಲಿ ಹಕ್ಕಿ ಕೊರೆದು, ಆ ಸ್ಟೆನ್ಸಿಲನ್ನು ಹಾಳೆಯ ಮೇಲಿಟ್ಟು, ಸ್ಪಂಜಿನಿಂದ ಬಣ್ಣ ತಟ್ಟುತ್ತೇನೆ. ತೆಳುವಾಗಿ. ಹಕ್ಕಿಯ ಹೊಟ್ಟೆಯೊಳಗೆ ಹಳೆಯ ಅಕ್ಷರಗಳು ಕಾಣಬೇಕು. ಅದೇ ನನ್ನ ಕೈಚಳಕ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡವಳು ನಾನು. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ?

ಅಂಗಡಿಯಲ್ಲೇ ತಡವಾಗಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಮಹಡಿಯ ಮೇಲಿನ ವಕೀಲರ ಕಚೇರಿಯಲ್ಲಿ ಟೈಪ್ ಮಾಡುವ ನನ್ನ ತಂಗಿ ದಡದಡ ಮೆಟ್ಟಿಲಿಳಿದು ಬಂದಳು.

"ಅಕ್ಕಾ, ನಿನ್ನೆ ರದ್ದಿ ಕೊಟ್ನಲ್ಲ, ಅದರಲ್ಲಿ ಒಂದು ಅರ್ಜಿ ಸೇರ್ಕೊಂಡುಬಿಟ್ಟಿದೆ. ಕೊಡು."

"ಯಾವ ಅರ್ಜಿ ಮಾರಾಯ್ತಿ? ಎಲ್ಲಾ ಹಕ್ಕಿ ಆಗಿವೆ."

"ಗಂಡನ ಹೊಡೆತ ತಾಳಲಾರದೆ ಮಗಳನ್ನ ಕರ್ಕೊಂಡು ಬಂದಳಲ್ಲ, ಅವಳದು. ಅವಳೀಗ ಎಲ್ಲಿದಾಳೆ ಅಂತ ಅವನಿಗೆ ಗೊತ್ತಾಗಬಾರ್ದು. ವಿಳಾಸ ಅದರಲ್ಲೇ ಇದೆ."

ಹಾಳೆಗಳನ್ನೆಲ್ಲ ನೆಲದ ಮೇಲೆ ಹರವಿದೆವು. ಹನ್ನೊಂದು ಹಕ್ಕಿ, ಅದಿಲ್ಲ. ಹನ್ನೆರಡನೆಯದನ್ನು ಬೆಳಿಗ್ಗೆ ಕಿಟಕಿಗೆ ತೂಗುಹಾಕಿದ್ದೆ. ಮೆಟ್ಟಿಲಿಳಿದು ಬಂದವನೊಬ್ಬ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿ, ಒಳಗೆ ಬಂದು, ಅದೇ ಬೇಕೆಂದ. ಚೌಕಾಸಿಯಿಲ್ಲ. "ಅಕ್ಷರ ಚೆನ್ನಾಗಿ ಕಾಣ್ತವೆ," ಎಂದ. ನಾನು ಹಿರಿಹಿರಿ ಹಿಗ್ಗಿ, ಕಾಗದದಲ್ಲಿ ಸುತ್ತಿ ಕೊಟ್ಟೆ. ದಡ್ಡಿ, ದಡ್ಡಿ.

"ರಾಜಿ ಮಾತಿಗೆ ಅಂತ ಬೆಳಿಗ್ಗೆ ವಕೀಲರು ಅವಳ ಗಂಡನ್ನ ಕರೆಸಿದ್ರು," ಎಂದಳು ತಂಗಿ. "ಬೈಕೊಂಡು ಇಳಿದು ಹೋದ."

ಅವಳೇ ಆ ಹೆಂಗಸಿಗೆ ಫೋನ್ ಹಚ್ಚಿ ನನ್ನ ಕೈಗೆ ತುರುಕಿದಳು. ತಡವರಿಸುತ್ತಾ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಾನು ಕೆಲಸದಲ್ಲಿದೀನಿ. ಮನೇಲಿ ಯಾರೂ ಇಲ್ಲ, ಬಂದ್ರೆ ಬರ್ಲಿ," ಎಂದಳು. ಆಮೇಲೆ ದನಿ ತಗ್ಗಿತು. "ಅದರಲ್ಲಿ ಮಗಳ ಶಾಲೆ ಹೆಸರೂ ಇತ್ತಾ?"

ಹಕ್ಕಿಯ ಹೊಟ್ಟೆಯ ನಡುವಿಗೆ ಯಾವ ಸಾಲು ಬಂದರೆ ಚೆಂದ ಎಂದು ಹಾಳೆಯನ್ನು ಜರುಗಿಸಿ ಜರುಗಿಸಿ ನೋಡಿದ್ದೆ. ಓದಿದ್ದು ಆಗ ತಲೆಗೆ ಹೋಗಿರಲಿಲ್ಲ. ಈಗ ಹೋಯಿತು. ಶಾಲೆ, ತರಗತಿ, ಬಿಡುವ ಹೊತ್ತು.

"ಇತ್ತು," ಎಂದೆ.

ಆಕೆ ಫೋನ್ ಇಡಲಿಲ್ಲ. ಓಡುತ್ತಿದ್ದಳು, ಚಪ್ಪಲಿಯ ಸದ್ದು, ಏದುಸಿರು ಕೇಳುತ್ತಿತ್ತು. ಗಡಿಯಾರ ನೋಡಲು ನನಗೆ ಧೈರ್ಯ ಬರಲಿಲ್ಲ. ತಂಗಿ ನೋಡಿದಳು.

"ಶಾಲೆ ಬಿಟ್ಟು ಹತ್ತು ನಿಮಿಷ ಆಯ್ತಕ್ಕಾ," ಎಂದಳು.