ಬಿಟ್ಟ ಸಾಲು

"ಇದನ್ನೆಲ್ಲ ಯಾರಾದ್ರೂ ಕೇಳಿಸ್ಕೊಳ್ತಾ ಇದಾರಾ?"

ಪ್ರಾರ್ಥನೆ ಹೇಳುತ್ತ ನಾದುತ್ತಿದ್ದ ಸೊಸೆ ಯಾರನ್ನೂ ಕೇಳಿದ್ದಲ್ಲ. ಎದುರಿಗಿದ್ದದ್ದು ಹಿಟ್ಟಿನ ಮುದ್ದೆ, ಅದರ ಮೇಲೆ ಕಿಟಕಿಯ ಬಿಸಿಲು. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡಿದ್ದ ಅತ್ತೆ ಜರಡಿ ಕೊಡವುವುದನ್ನು ನಿಲ್ಲಿಸಿದರು.

ಆ ಮನೆಯ ಬೇಕರಿಯಲ್ಲಿ ಗಡಿಯಾರ ನೋಡಿ ನಾದಿದವರಿಲ್ಲ. ಭಾನುವಾರ ಚರ್ಚಿನಲ್ಲಿ ಪ್ರಭುವಿನ ಮೇಜಿಗೆ ಹೋಗಿ ಎಲ್ಲರಿಗೂ ಹಂಚಿಕೆಯಾಗುವ ರೊಟ್ಟಿಗೆ ಪ್ರಾರ್ಥನೆಯೇ ಅಳತೆ. ಪದ್ಯದಂಥ ಉದ್ದನೆಯ ಪ್ರಾರ್ಥನೆ. ಅತ್ತೆಗೆ ಅವರ ಅತ್ತೆ ಬಾಯಿಪಾಠ ಮಾಡಿಸಿದ್ದು. ಅದು ಮುಗಿಯುವ ಹೊತ್ತಿಗೆ ಹಿಟ್ಟು ಹದಕ್ಕೆ ಬಂದಿರಬೇಕು.

ಪುಟ್ಟ ಮಗಳು ಜ್ವರದಲ್ಲಿ ಹೋದಮೇಲೆ ಸೊಸೆಯ ರೊಟ್ಟಿ ಕಲ್ಲಾಗುತ್ತ ಬಂತು. "ಮುರಿದು ಹಂಚೋಕೆ ಸುತ್ತಿಗೆ ಬೇಕಾಗುತ್ತೆ ತಾಯಿ," ಎಂದು ಪಾದ್ರಿಗಳೂ ನಕ್ಕಿದ್ದರು.

"ಕೊನೆ ಸಾಲುಗಳನ್ನ ನುಂಗ್ತಾ ಇದೀಯ," ಅಂದರು ಅತ್ತೆ. "ನನ್ನ ಕಿವಿ ಮಂದ ಇರಬಹುದು. ರೊಟ್ಟಿ ಚಾಡಿ ಹೇಳುತ್ತಲ್ಲ."

ಸೊಸೆಯ ಕೈ ನಿಂತಿತು. ಕೂತರೆ ಏಳಬೇಕು, ಎದ್ದರೆ ಓಡಬೇಕು ಅನ್ನಿಸುವ ಆ ಚಡಪಡಿಕೆ ಮತ್ತೆ ಮೈಗೆ ಹತ್ತಿತು.

"'ನಿನ್ನ ಕೈ ನನ್ನ ಮನೆಯ ಮೇಲಿದೆ' ಅಂತ ಯಾವ ಬಾಯಲ್ಲಿ ಹೇಳ್ಲಿ ಅತ್ತೆ? ಮಗು ಮೈ ಕೆಂಡ ಆದಾಗ ಎಲ್ಲಿತ್ತು ಆ ಕೈ?"

"ನನ್ನನ್ಯಾಕೆ ಕೇಳ್ತೀ? ನಾನೇನು ಅವನ ವಕೀಲಳಾ? ಅವನನ್ನೇ ಕೇಳು."

"ಬೈದುಬಿಡ್ತೀನಿ."

"ಬೈ. ಕೈ ಮಾತ್ರ ನಿಲ್ಲಿಸಬೇಡ, ಹಿಟ್ಟು ಒಣಗುತ್ತೆ."

ಬೈದಳು. ಯೇಸುವೇ ಎಂದು ಶುರುಮಾಡಿ, ಮುಷ್ಟಿ ಇಳಿಸುತ್ತ, ಮಡಚುತ್ತ, ತಿರುವಿ ಹಾಕುತ್ತ, ಹಣೆಗಿಟ್ಟ ಒದ್ದೆ ಬಟ್ಟೆ, ಔಷಧಿಯ ಚಮಚ, ಬಾಗಿಲಲ್ಲಿ ಉಳಿದ ಪುಟ್ಟ ಚಪ್ಪಲಿ, ಎಲ್ಲವನ್ನೂ ಅವನ ಮುಂದೆ ಸುರಿದಳು. ಅತ್ತೆ ತಡೆಯಲಿಲ್ಲ. ತಮಗೇ ಹೇಳಿಕೊಂಡಂತೆ, "ಗೆಳೆಯ ಸತ್ತಾಗ ಗೋರಿ ಹತ್ರ ಯೇಸುನೂ ಅತ್ತಿದ್ದ," ಅಂದರಷ್ಟೇ.

ಸೊಸೆಯ ಮಾತು ಅಲ್ಲಿಗೆ ಕಡಿಯಿತು. ಅಳುವವರನ್ನು ಬೈದು ಅವಳಿಗೆ ರೂಢಿಯಿಲ್ಲ. ಉತ್ತರವೇನೂ ಬರಲಿಲ್ಲ. ಆದರೆ ತಾನು ಗೋಡೆಗೆ ಹೇಳುತ್ತಿಲ್ಲವೆಂದು ಗೊತ್ತಾಯಿತು, ಪಕ್ಕದಲ್ಲಿ ಕೂತವರು ಸದ್ದಿಲ್ಲದೆ ಅಳುವಾಗ ನಮಗೆ ಗೊತ್ತಾಗುವ ಹಾಗೆ. ಬಿಟ್ಟಿದ್ದ ಸಾಲು ಬಾಯಿಗೆ ಬಂತು. ಹೇಳಿದಳು, ಮತ್ತೊಮ್ಮೆ ಹೇಳಿದಳು. ದುಃಖ ಇದ್ದಲ್ಲೇ ಇತ್ತು. ಓಡಬೇಕು ಅನ್ನಿಸಲಿಲ್ಲ. ಅಂಗೈ ಕೆಳಗೆ ಹಿಟ್ಟು ಕಿವಿಯ ಹಾಲೆಯಂತೆ ಮೆತ್ತಗಾಗಿತ್ತು.

ಅತ್ತೆ ಎದ್ದು ಬಂದು ಕೈ ಚಾಚಿದರು. "ಕೊಡಮ್ಮ ಇಲ್ಲಿ, ಉಳಿದದ್ದು ನಾನು ನೋಡ್ಕೋತೀನಿ. ಮುಖ ತೊಳ್ಕೊಂಡು ಸ್ವಲ್ಪ ಮಲಗು."

"ಕೊಡಲ್ಲ ಅತ್ತೆ. ಈ ರೊಟ್ಟಿ ನಾನೇ ಮುಗಿಸ್ತೀನಿ."